ಲಂಗರಿನ ಲಾಂಛನ: ಯುಲಿಸ್ ನಾರ್ಡಿನ್ ಗಡಿಯಾರ ಪರಂಪರೆಯ ನೌಕಾಯಾನ ಮೂಲ

ಸ್ವಿಟ್ಜರ್ಲೆಂಡಿಗೆ ಕಡಲತೀರವಿಲ್ಲ. ಆದರೂ ಆ ದೇಶದ ಜೂರಾ ಬೆಟ್ಟಸಾಲಿನ ಲ ಲೋಕ್ಲ್ ಪಟ್ಟಣದಲ್ಲಿ ಯುಲಿಸ್ ನಾರ್ಡಿನ್ (1823-1876) 1846ರಲ್ಲಿ ಸ್ಥಾಪಿಸಿದ ಗಡಿಯಾರ ಸಂಸ್ಥೆಯ ಲಾಂಛನ ಹಡಗಿನ ಲಂಗರು. ಬೆಟ್ಟದ ಊರಿಗೂ ಕಡಲಿಗೂ ಈ ನಂಟು ಹೇಗೆ ಬೆಳೆಯಿತು, ಅದರಲ್ಲಿ ಪರಂಪರೆಯೆಂದು ಪರಿಗಣಿಸಬೇಕಾದುದು ಯಾವುದು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ನಡುಗಡಲಿನಲ್ಲಿ ಅಕ್ಷಾಂಶವನ್ನು ಸೂರ್ಯನ ಅಥವಾ ಧ್ರುವನಕ್ಷತ್ರದ ಎತ್ತರದಿಂದ ಅಳೆಯಬಹುದು. ರೇಖಾಂಶಕ್ಕೆ ಅಂತಹ ಸುಲಭದ ಆಧಾರವಿಲ್ಲ. ಭೂಮಿಯು ಗಂಟೆಗೆ 15 ಡಿಗ್ರಿ ತಿರುಗುವುದರಿಂದ, ಹಡಗಿರುವ ಸ್ಥಳದ ಕಾಲಕ್ಕೂ ರೇಖಾಂಶ ಗೊತ್ತಿರುವ ಮತ್ತೊಂದು ಸ್ಥಳದ ಕಾಲಕ್ಕೂ ಇರುವ ಅಂತರವೇ ಅದನ್ನು ತಿಳಿಸಬೇಕು. ಭೂಮಧ್ಯರೇಖೆಯ ಬಳಿ 4 ಸೆಕೆಂಡುಗಳ ವ್ಯತ್ಯಾಸವೆಂದರೆ 1 ನಾಟಿಕಲ್ ಮೈಲಿಯ ತಪ್ಪು. ಬಂಡೆಗಳಿರುವ ತೀರದಲ್ಲಿ ಇದು ಜೀವನ್ಮರಣದ ಪ್ರಶ್ನೆ. ಬ್ರಿಟಿಷ್ ಸಂಸತ್ತು 1714ರಲ್ಲಿ ಇದರ ಪರಿಹಾರಕ್ಕೆ ಬಹುಮಾನ ಘೋಷಿಸಿತು. ಜಾನ್ ಹ್ಯಾರಿಸನ್‌ನ ನಾಲ್ಕನೆಯ ಗಡಿಯಾರವು 1761-62ರ ಜಮೈಕಾ ಯಾನದಲ್ಲಿ ಗಡಿಯಾರದ ಮಾರ್ಗ ಸಾಧ್ಯವೆಂದು ತೋರಿಸಿತು. ಜಾನ್ ಅರ್ನಾಲ್ಡ್ ಮತ್ತು ಥಾಮಸ್ ಅರ್ನ್‌ಶಾ ಅದನ್ನು ಹೆಚ್ಚಿನ ಸಂಖ್ಯೆಯಲ್ಲಿ ತಯಾರಿಸಬಹುದಾದ ಉಪಕರಣವಾಗಿ ರೂಪಿಸಿದರು.

ಹೀಗೆ ಇಂಗ್ಲೆಂಡಿನ ಮೇಲುಗೈಯಿದ್ದ ಕ್ಷೇತ್ರವನ್ನು ನಾರ್ಡಿನ್ ಸಂಸ್ಥೆ ಪ್ರವೇಶಿಸಿತು. 1862ರ ಲಂಡನ್ ಅಂತರರಾಷ್ಟ್ರೀಯ ಪ್ರದರ್ಶನದಲ್ಲಿ ಅದಕ್ಕೆ ಪದಕ ದೊರೆಯಿತು. ಸ್ಥಾಪಕನ ನಂತರ ಮಗ ಪಾಲ್ ದಾವಿದ್ ನಾರ್ಡಿನ್ ಕೆಲಸ ಮುಂದುವರಿಸಿದ. ಆದರೆ ಪದಕಕ್ಕಿಂತ ಮಹತ್ವದ್ದು 1858ರಲ್ಲಿ ಆರಂಭವಾದ ನ್ಯೂಶಾಟೆಲ್ ಖಗೋಳ ವೀಕ್ಷಣಾಲಯದ ಪರೀಕ್ಷೆ. ಅಲ್ಲಿ ಗಡಿಯಾರಗಳನ್ನು ಬೇರೆಬೇರೆ ಉಷ್ಣತೆಗಳಲ್ಲಿರಿಸಿ, ನಕ್ಷತ್ರ ವೀಕ್ಷಣೆಯಿಂದ ನಿರ್ಧರಿಸಿದ ಕಾಲದೊಡನೆ ಹೋಲಿಸಿ ಪ್ರಮಾಣಪತ್ರ ನೀಡಲಾಗುತ್ತಿತ್ತು. ಕಡಲಿಲ್ಲದ ನಾಡಿಗೆ ಇದೇ ಕಡಲಿನ ಪರೀಕ್ಷೆಯಾಯಿತು. ವೀಕ್ಷಣಾಲಯವು 1975ರವರೆಗಿನ ಅವಧಿಯ ಬಗ್ಗೆ ಪ್ರಕಟಿಸಿದ ಲೆಕ್ಕದಂತೆ, ಯಾಂತ್ರಿಕ ನೌಕಾ ಕ್ರೊನೋಮೀಟರುಗಳಿಗೆ ಸಂದ 4504 ಪ್ರಮಾಣಪತ್ರಗಳಲ್ಲಿ 4324 ಈ ಒಂದೇ ಸಂಸ್ಥೆಯವು.

ಈ ಪ್ರಮಾಣಪತ್ರಗಳು ದೃಢಪಡಿಸುತ್ತಿದ್ದುದು ಏನನ್ನು? ಕ್ರೊನೋಮೀಟರು ಎಂದೂ ತಪ್ಪದ ಗಡಿಯಾರವಲ್ಲ. ತಪ್ಪಿನಲ್ಲಿಯೂ ನಿಯಮವುಳ್ಳ ಗಡಿಯಾರ. ದಿನಕ್ಕೆ 2 ಸೆಕೆಂಡು ಮುಂದೆ ಹೋಗುವ ಗಡಿಯಾರವು ಪ್ರತಿದಿನವೂ ಅಷ್ಟೇ ಮುಂದೆ ಹೋದರೆ, 30 ದಿನಗಳ ಬಳಿಕ ನಾವಿಕನು 60 ಸೆಕೆಂಡು ಕಳೆದು ಸರಿಯಾದ ಕಾಲವನ್ನು ಪಡೆಯಬಲ್ಲ. ಇಂದು ಸರಿಯಾಗಿದ್ದು ನಾಳೆ ಏರುಪೇರಾಗುವ ಗಡಿಯಾರವೇ ಅಪಾಯಕಾರಿ. ಉಷ್ಣತೆಯಿಂದಾಗುವ ಇಂತಹ ಏರುಪೇರನ್ನು ತಗ್ಗಿಸುವಲ್ಲಿ ಶಾರ್ಲ್ ಎದುವಾರ್ ಗಿಯೋಮನ ನಿಕ್ಕಲ್-ಉಕ್ಕಿನ ಮಿಶ್ರಲೋಹಗಳು ನೆರವಾದವು. ಆ ಸಂಶೋಧನೆಗೆ 1920ರ ನೊಬೆಲ್ ಪ್ರಶಸ್ತಿ ಸಂದಿತು.

ರೇಡಿಯೊ ಕಾಲಸಂಕೇತ, ಕ್ವಾರ್ಟ್ಸ್ ಹಾಗೂ ಉಪಗ್ರಹಗಳು ಯಾಂತ್ರಿಕ ಕ್ರೊನೋಮೀಟರಿನ ಅಗತ್ಯವನ್ನು ಕ್ರಮೇಣ ಇಲ್ಲವಾಗಿಸಿದವು. 1983ರಲ್ಲಿ ರೋಲ್ಫ್ ಶ್ನೈಡರ್ ಸಂಸ್ಥೆಯನ್ನು ಖರೀದಿಸಿ, ಲುಡ್ವಿಗ್ ಓಕ್ಸ್‌ಲಿನ್ ನೆರವಿನಿಂದ 1985ರಲ್ಲಿ ಗ್ರಹನಕ್ಷತ್ರಗಳ ಗತಿಯನ್ನು ತೋರಿಸುವ ಕೈಗಡಿಯಾರವನ್ನು ಹೊರತಂದ. ಹಡಗಿನ ಸಾಧನವನ್ನು ತಯಾರಿಸುತ್ತಿದ್ದ ಸಂಸ್ಥೆಯು ಹೀಗೆ ಸಂಗ್ರಾಹಕರ ಮೆಚ್ಚುಗೆಗೆ ಪಾತ್ರವಾಯಿತು. ಲಂಗರಿನ ಲಾಂಛನ ಮಾತ್ರ ಉಳಿದರೆ ಅದು ಅಲಂಕಾರವಷ್ಟೇ. ತನ್ನ ದೋಷವನ್ನು ಅನ್ಯರ ಪರೀಕ್ಷೆಗೆ ಒಡ್ಡಿ, ಅಳೆಸಿ, ಬರೆದಿಟ್ಟ ಶಿಸ್ತೇ ಇಲ್ಲಿನ ನಿಜವಾದ ಪರಂಪರೆ. ಅದಕ್ಕೆ ಸಾಕ್ಷಿ ವೀಕ್ಷಣಾಲಯದ ದಾಖಲೆಗಳು.