ಎಂಟು ಜನರ ಐದು ಲಕ್ಷ

ಎಲ್ಲೂರಿನಿಂದ ನಾನು. ನಮ್ಮ ಹಿತ್ತಲಲ್ಲಿ ಎರಡು ಗೇರು ಮರ ಉಂಟು. ಬೀಜ ಸುಟ್ಟು ತಿಂದೇ ನಾವೆಲ್ಲ ದೊಡ್ಡವರಾದದ್ದು. ಹಾಗಾಗಿ ಗೇರಿನ ಈ ಕಥೆ ಹೇಳುವಾಗ ಸ್ವಲ್ಪ ಬೇಜಾರೂ ಆಗ್ತದೆ.

ಮಂಗಳೂರು ದಾಟಿದರೆ ಕಾಸರಗೋಡು. ಅಲ್ಲಿ ಕೇರಳ ಸರ್ಕಾರದ ಪ್ಲಾಂಟೇಶನ್ ಕಾರ್ಪೊರೇಶನ್ ತನ್ನ ಗೇರು ತೋಟಗಳಿಗೆ 70ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರ್‌ನಲ್ಲಿ ಎಂಡೋಸಲ್ಫಾನ್ ಸಿಂಪಡಿಸಿತು. ಕೆಳಗೆ ಬಾವಿ, ತೋಡು, ಮನೆ ಎಲ್ಲ ಇತ್ತು. ಕರುಗಳು ವಿಕಾರವಾಗಿ ಹುಟ್ಟುವ ಬಗ್ಗೆ ಪತ್ರಕರ್ತ ಶ್ರೀಪಡ್ರೆ ಮೊದಲೇ ಬರೆದಿದ್ದರು. ಎಣ್ಮಕಜೆಯಲ್ಲಿ ಡಾ. ಮೋಹನಕುಮಾರ್ ಅವರು ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ಒಂದೇ ಥರದ ಕಾಯಿಲೆ ನೋಡಿ ಪತ್ರ ಬರೆದರು. ಪೆರಿಯದಲ್ಲಿ ಕೃಷಿ ಇಲಾಖೆಯಲ್ಲಿದ್ದ ಲೀಲಾಕುಮಾರಿ ಅಮ್ಮ ಹೊಸದುರ್ಗದ ಮುನ್ಸಿಫ್ ಕೋರ್ಟಿಗೆ ಹೋದರು. 2000ದಲ್ಲಿ ಆ ಸಣ್ಣ ಕೋರ್ಟೇ ಹೆಲಿಕಾಪ್ಟರನ್ನು ನಿಲ್ಲಿಸಿತು. ಸರ್ಕಾರಿ ಕೆಲಸದಲ್ಲಿದ್ದುಕೊಂಡು ಸರ್ಕಾರದ್ದೇ ಕಾರ್ಪೊರೇಶನ್ ವಿರುದ್ಧ ಕೇಸು ಅಂದರೆ ಸಣ್ಣ ಧೈರ್ಯ ಅಲ್ಲ ಮಾರಾಯ್ರೆ.

ಆಮೇಲೆ ಡಿವೈಎಫ್‌ಐ ಸುಪ್ರೀಂ ಕೋರ್ಟಿಗೆ ಹೋಯಿತು, 2011ರಲ್ಲಿ ದೇಶಕ್ಕೇ ತಡೆ ಬಂತು. 2017ರ ಜನವರಿ 10ಕ್ಕೆ ಅದೇ ಕೇಸಿನಲ್ಲಿ ಆದೇಶ: ಸಂತ್ರಸ್ತರಿಗೆ ತಲಾ 5 ಲಕ್ಷ, ಮೂರು ತಿಂಗಳೊಳಗೆ.

ಮೂರು ತಿಂಗಳು ಕಳೆಯಿತು, ವರ್ಷಗಳೂ ಕಳೆದವು. ಆಗ ಕೇರಳದಲ್ಲಿ ಅಧಿಕಾರದಲ್ಲಿದ್ದದ್ದು ಯಾರು ಗೊತ್ತುಂಟಾ? ಆ ಯುವ ಸಂಘಟನೆಯ ಮಾತೃಪಕ್ಷವೇ. 2019ರಲ್ಲಿ ತಾಯಂದಿರು ಮಕ್ಕಳನ್ನು ಕರೆದುಕೊಂಡು ತಿರುವನಂತಪುರದ ಸೆಕ್ರೆಟರಿಯೇಟ್ ಎದುರು ಕೂತರು.

ಕೊನೆಗೆ ಎಂಟು ಜನ ನ್ಯಾಯಾಂಗ ನಿಂದನೆ ಅರ್ಜಿ ಹಾಕಿದರು. 2022ರ ಮೇ 13ಕ್ಕೆ ನ್ಯಾಯಮೂರ್ತಿ ಚಂದ್ರಚೂಡ್ ಅವರ ಪೀಠದ ಮುಂದೆ ಲೆಕ್ಕ ಹೊರಬಿತ್ತು. ಒಟ್ಟು ಸಂತ್ರಸ್ತರು 3,704. ಅವರಲ್ಲಿ 102 ಮಂದಿ ಹಾಸಿಗೆಯಲ್ಲೇ. ದುಡ್ಡು ಸಿಕ್ಕಿದ್ದು ಎಷ್ಟು ಜನಕ್ಕೆ? ಎಂಟು. ಆ ಅರ್ಜಿ ಹಾಕಿದವರಿಗೆ ಮಾತ್ರ!

ನಾನು ಬಿಕಾಂ, ಲೆಕ್ಕ ಮಾಡದಿದ್ದರೆ ನಿದ್ದೆ ಬರೋದಿಲ್ಲ. ಎಲ್ಲರಿಗೂ ಕೊಡಬೇಕಾದದ್ದು 185.2 ಕೋಟಿ, ಕೊಟ್ಟದ್ದು 40 ಲಕ್ಷ. ನೂರು ರೂಪಾಯಿ ಬಾಕಿಗೆ 22 ಪೈಸೆ ಕೊಟ್ಟ ಹಾಗೆ. ಕೋರ್ಟಿಗೂ ಸಿಟ್ಟು ಬಂದದ್ದು ಇದಕ್ಕೇ. ಹಾಸಿಗೆಯಿಂದ ಏಳಲಾಗದವರು ದೆಹಲಿಗೆ ಹೋಗಿ ವಕೀಲರನ್ನು ಹಿಡಿಯುವುದು ಹೇಗೆ? ಎಂಟು ಜನಕ್ಕೂ ತಲಾ 50,000 ಖರ್ಚು ಕೊಡಿ, ಉಳಿದವರನ್ನು ಗುರುತಿಸಿ ಪರಿಹಾರ ಮುಟ್ಟಿಸಲು ಮುಖ್ಯ ಕಾರ್ಯದರ್ಶಿಯೇ ತಿಂಗಳು ತಿಂಗಳು ಸಭೆ ನಡೆಸಲಿ ಎಂದಿತು.

ಇದು ಕೇರಳದ ವಿಷಯ ಅಂತ ನಾವು ಬಿಡುವ ಹಾಗಿಲ್ಲ. ಬೆಳ್ತಂಗಡಿ ತಾಲೂಕಿನ ಪಟ್ರಮೆ, ನಿಡ್ಲೆ, ಆ ಕಡೆ ಕೊಕ್ಕಡದಲ್ಲಿ ಇದೇ ವಿಷ ಸಿಂಪಡಿಸಿದ್ದು ಕರ್ನಾಟಕದ್ದೇ ಗೇರು ಅಭಿವೃದ್ಧಿ ನಿಗಮ. ನಮ್ಮ ಉಡುಪಿ ಜಿಲ್ಲೆಯಲ್ಲೂ ಸಂತ್ರಸ್ತರಿದ್ದಾರೆ. ಇಲ್ಲಿ ಮಾಸಾಶನ ಸಿಗುವುದು ಅಂಗವೈಕಲ್ಯದ ಶೇಕಡಾ ಲೆಕ್ಕದಲ್ಲಿ. ಆ ಸರ್ಟಿಫಿಕೇಟಿನ ಕಥೆ ಮುಂದಿನ ಎಪಿಸೋಡ್‌ನಲ್ಲಿ. ನಿಮ್ಮ ಮನೆಯಲ್ಲಿ ಯಾರಿಗಾದರೂ ಅರ್ಜಿ ತಿರಸ್ಕಾರ ಆಗಿದ್ದರೆ ಆ ಕಾಗದ ಬಿಸಾಡಬೇಡಿ, ತಾರೀಕು ಕಾಣುವ ಹಾಗೆ ಒಂದು ಫೋಟೋ ತೆಗೆದಿಡಿ.