ಶರಾವತಿಯ ವಿದ್ಯುತ್ತೂ ಉನ್ನತ ವಿದ್ಯೆಯ ವೆಚ್ಚವೂ

ಕೆಳದಿಯ ಬಸವಪ್ಪನಾಯಕನು 18ನೆಯ ಶತಮಾನದ ಆದಿಯಲ್ಲಿ ರಚಿಸಿದ ‘ಶಿವತತ್ತ್ವರತ್ನಾಕರ’ವೆಂಬ ಸಂಸ್ಕೃತ ಗ್ರಂಥವನ್ನು ಸದ್ಭಕ್ತರು ಬಲ್ಲರು. ಅದರ 108 ತರಂಗಗಳಲ್ಲಿ ರಾಜನೀತಿ, ವೈದ್ಯ, ಸಂಗೀತ, ಪಾಕಶಾಸ್ತ್ರ ಮೊದಲಾದ ನಾನಾ ವಿದ್ಯೆಗಳು ಶಿವತತ್ತ್ವದೊಡನೆಯೇ ನಿರೂಪಿತವಾಗಿರುವುವು. ಅಂದಿನ ವಿದ್ಯಾರ್ಥಿಗೆ ಬೇಕಾದ ಸಾಮಗ್ರಿಯಾದರೋ ಓಲೆಗರಿ, ಕಬ್ಬಿಣದ ಕಂಟ, ಗುರುಸನ್ನಿಧಿ, ಎರಡು ಹೊತ್ತಿನ ಪ್ರಸಾದ, ಇಷ್ಟೆ. ಸಾಮಗ್ರಿಯು ಅಲ್ಪವಾದ ಮಾತ್ರಕ್ಕೆ ವಿದ್ಯೆಯು ಸರ್ವರಿಗೂ ದೊರೆಯುತ್ತಿತ್ತೆಂದು ಭಾವಿಸಲಾಗದು. ಅದು ಕೆಲವರ ಪಾಲಿನದೇ ಆಗಿದ್ದಿತು.

ಯಂತ್ರಯುಗವು ಈ ಲೆಕ್ಕವನ್ನು ತಲೆಕೆಳಗು ಮಾಡಿತು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವೂ 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜೂ ಸ್ಥಾಪಿತವಾದುವು. ನಾಡಿನ ನೀರನ್ನು ನಾಡಿನ ಮಕ್ಕಳೇ ಅಳೆದು ಕಟ್ಟಿ ಉಪಯೋಗಕ್ಕೆ ತರಬೇಕೆಂಬುದು ಆ ವಿದ್ಯೆಯ ಸ್ಪಷ್ಟವಾದ ಗುರಿ. 1948ರಲ್ಲಿ ಜೋಗದ ವಿದ್ಯುದಾಗಾರವು ಚಾಲನೆಗೆ ಬಂದಿತು. 1964ರಲ್ಲಿ ಸಾಗರ ತಾಲ್ಲೂಕಿನ ಲಿಂಗನಮಕ್ಕಿಯಲ್ಲಿ ಶರಾವತಿಗೆ ಅಣೆಕಟ್ಟಾಯಿತು. ಸುಮಾರು 151 ಶತಕೋಟಿ ಘನ ಅಡಿ ನೀರು ನಿಲ್ಲುವ ಈ ಜಲಾಶಯದಿಂದ ನಾಡಿನ ಕಾರ್ಖಾನೆಗಳಿಗೂ ಕಾಲೇಜುಗಳ ಪ್ರಯೋಗಶಾಲೆಗಳಿಗೂ ವಿದ್ಯುಚ್ಛಕ್ತಿಯು ಹರಿಯಿತು. ಅದಕ್ಕಾಗಿ ಸಾಗರ, ಹೊಸನಗರ ಸೀಮೆಗಳ ಅಡಕೆ ತೋಟಗಳು, ಗದ್ದೆಗಳು, ದೇವಾಲಯಗಳು ಮುಳುಗಿದುವು. ಅಂದಾಜುಪಟ್ಟಿಯಲ್ಲಿ ಸಿಮೆಂಟಿನ ಬೆಲೆಯನ್ನು ಬರೆದಷ್ಟು ಸುಲಭವಾಗಿ ತಲೆಮಾರುಗಳ ತೋಟದ ಬೆಲೆಯನ್ನು ಬರೆಯಲಾಗದು.

ಇತ್ತ ಮಠಗಳಿಗೂ ವೆಚ್ಚದ ಪ್ರಶ್ನೆಯು ಎದುರಾಯಿತು. ತುಮಕೂರಿನ ಸಿದ್ಧಗಂಗಾ ಕ್ಷೇತ್ರದಲ್ಲಿ ಶ್ರೀ ಶಿವಕುಮಾರ ಸ್ವಾಮಿಗಳವರ ಕಾಲದಲ್ಲಿ, 1963ರಲ್ಲಿ, ಎಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ಅನ್ನದಾಸೋಹಕ್ಕೆ ಒಕ್ಕಲಿನವರು ಕಣದಿಂದ ಕೊಟ್ಟ ರಾಗಿಯೂ ಸಲ್ಲುವುದು. ಲೇತ್ ಯಂತ್ರವೂ ಡೈನಮೋವೂ ಜೋಳಿಗೆಗೆ ಬೀಳುವ ಪದಾರ್ಥಗಳಲ್ಲ. ಆ ಲೇತ್ ಯಂತ್ರವಾದರೂ ಒಂದು ತಲೆಮಾರು ಬಾಳುತ್ತಿತ್ತು. ಈಗಿನ ಗಣಕಯಂತ್ರವು ಕೆಲವೇ ವರ್ಷಗಳಲ್ಲಿ ಹಳತಾಗಿ ಮೂಲೆಗೆ ಸೇರುವುದು. ಬಳಿಕ ಹೊಸದನ್ನು ಕೊಳ್ಳಬೇಕು. ಈ ಹೊರೆಯನ್ನು ದಾನಿಗಳು ಹೊರದಿದ್ದರೆ ವಿದ್ಯಾರ್ಥಿಯ ಶುಲ್ಕವೇ ಹೊರಬೇಕಾಗುವುದು. ಸಾಲ ಮಾಡಿ ಶುಲ್ಕ ತೆತ್ತವನು ಮೊದಲು ಸಾಲ ತೀರಿಸುವ ಸಂಬಳವನ್ನೇ ಹುಡುಕುವನು. ನಾಡಿನ ಕೆರೆಕಟ್ಟೆಗಳ ಚಿಂತೆ ಅವನಿಗೆ ಹಿಂದಾಗುವುದು. ಇದು ಅವನ ದೋಷವೆನ್ನಲಾಗದು. ವಿದ್ಯೆಯ ಗುರಿಯು ಸಡಿಲವಾಗುವುದು ಬೋಧನೆಯ ಕೊರತೆಯಿಂದಲ್ಲ, ಲೆಕ್ಕದ ಪುಸ್ತಕದಿಂದ.

ಲಿಂಗನಮಕ್ಕಿಯ ಹಿನ್ನೀರಿನಾಚೆ ಕರೂರು, ಬಾರಂಗಿ ಹೋಬಳಿಗಳ ಊರುಗಳು ಉಳಿದುವು. ನಾಡಿಗೆ ಬೆಳಕು ಕೊಟ್ಟ ಈ ಸೀಮೆಯ ಮಕ್ಕಳು ಸಾಗರದ ಕಾಲೇಜಿಗೆ ಬರಬೇಕಾದರೆ ಲಾಂಚಿಗಾಗಿ ದಡದಲ್ಲಿ ಕಾಯಬೇಕಾಗಿದ್ದಿತು. ಕಡೆಯ ಲಾಂಚು ತಪ್ಪಿದರೆ ಆಚೆ ದಡದ ಮನೆ ಕಾಣುತ್ತಿದ್ದರೂ ತಲುಪುವುದು ಕಷ್ಟವಾಗಿತ್ತು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆಯು ಸಂಚಾರಕ್ಕೆ ತೆರೆದುದು 2025ರ ಜುಲೈ ತಿಂಗಳಲ್ಲಿ, ಅಣೆಕಟ್ಟು ಮುಗಿದ 61 ವರ್ಷಗಳ ತರುವಾಯ. ಮುಳುಗಡೆಯಾಗಿ ಬೇರೆಡೆಯ ಅರಣ್ಯಭೂಮಿಯಲ್ಲಿ ನೆಲಸಿದ ಅನೇಕ ಕುಟುಂಬಗಳ ಭೂಮಿಹಕ್ಕಿನ ವಿಷಯವಾದರೋ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು.