ಮಂಡಿಯ ಕಾವಲು ಅಂಗಾಲಿನಲ್ಲಿದೆ

ಮಂಡಿನೋವೆಂದು ಬಂದ ಆಟಗಾರನ ಮಂಡಿಯನ್ನು ಒತ್ತಿ, ಮಡಿಸಿ, ತಿರುಗಿಸಿ ನೋಡುತ್ತೇವೆ. ಶೂ ಬಿಚ್ಚಿಸಿ ಪಾದ ನೋಡುವವರು ಕಡಿಮೆ. ಓಡುವಾಗ ನೆಲದ ಪೆಟ್ಟು ಮೊದಲು ತಾಗುವುದು ಪಾದಕ್ಕೆ. ಅದು ತಾಳಿಕೊಂಡು ಉಳಿದದ್ದು ಮೇಲೇರಿ ಮಂಡಿಗೆ ಬರುತ್ತದೆ. ಇಷ್ಟು ಸರಳ ಸಂಗತಿ ತರಬೇತಿಯ ಭಾಗವಾಗಲು ಅರ್ಧ ಶತಮಾನ ಹಿಡಿಯಿತು.

1965ರಲ್ಲಿ ಬ್ರಿಟನ್ನಿನ ಮೂಳೆತಜ್ಞ ಫ್ರೀಮನ್, ಕಾಲು ಉಳುಕಿದವರಿಗೆ ಮತ್ತೆ ಮತ್ತೆ ಉಳುಕುವುದೇಕೆಂದು ಹುಡುಕುತ್ತ, ಕೀಲಿನ ಸ್ಥಿತಿಯನ್ನು ಮೆದುಳಿಗೆ ತಿಳಿಸುವ ನರಗಳ ಕಡೆ ಬೊಟ್ಟು ಮಾಡಿದರು. ಓಲಾಡುವ ಹಲಗೆಯ ಮೇಲೆ ನಿಲ್ಲಿಸುವ ಅಭ್ಯಾಸ ಅಲ್ಲಿಂದ ಬೆಳೆಯಿತು. ಪ್ರಾಗ್‌ನ ವ್ಲಾದಿಮಿರ್ ಯಾಂಡಾ ‘ಗಿಡ್ಡ ಪಾದ’ದ ವ್ಯಾಯಾಮ ಕಲಿಸಿದರು: ಬೆರಳು ಮುದುಡದೆ, ಹೆಬ್ಬೆರಳಿನ ಬುಡವನ್ನು ಹಿಮ್ಮಡಿಯತ್ತ ಸೆಳೆದು ಅಂಗಾಲಿನ ಕಮಾನನ್ನು ಮೇಲೆತ್ತುವುದು. ನೋಡಲು ಏನೂ ನಡೆಯುತ್ತಿಲ್ಲ ಎನಿಸುತ್ತದೆ. ಮಾಡಿದವರಿಗೆ ಅಂಗಾಲು ಹಿಡಿದುಕೊಂಡಾಗ ಗೊತ್ತಾಗುತ್ತದೆ.

ಆದರೆ ಎಪ್ಪತ್ತು, ಎಂಬತ್ತರ ದಶಕಗಳು ಮೆತ್ತನೆಯ ಶೂಗಳ ಕಾಲ. 1987ರಲ್ಲಿ ಟಿಬೆರಿಯೊ ಎಂಬ ಫಿಸಿಯೋಥೆರಪಿಸ್ಟ್ ಒಂದು ತರ್ಕ ಮುಂದಿಟ್ಟರು: ಪಾದ ಒಳಕ್ಕೆ ಅತಿಯಾಗಿ ವಾಲಿದರೆ ಮೊಣಕಾಲ ಕೆಳಗಿನ ಮೂಳೆ ಒಳಕ್ಕೆ ತಿರುಗುತ್ತದೆ, ಅದಕ್ಕೆ ಹೊಂದಿಕೊಳ್ಳಲು ತೊಡೆಮೂಳೆಯೂ ತಿರುಗುತ್ತದೆ, ನಡುವೆ ಸಿಕ್ಕ ಮಂಡಿಚಿಪ್ಪು ತನ್ನ ಜಾಡು ತಪ್ಪುತ್ತದೆ. ಸಿದ್ಧಾಂತವೆಂದೇ ಅವರು ಅದನ್ನು ಕರೆದಿದ್ದರು. ವಾಲುವ ಪಾದಕ್ಕೆ ಶೂ ಒಳಗೆ ಆಸರೆ ಇಡುವುದು ಆಗ ರೂಢಿಯ ಪರಿಹಾರ. ವಾಲದಂತೆ ಹಿಡಿಯುವ ಸ್ನಾಯುಗಳು ಪಾದದಲ್ಲೇ ಇವೆ, ಅವನ್ನು ಪಳಗಿಸಬಹುದು ಎಂಬ ಯೋಚನೆ ಹಿಂದೆ ಬಿತ್ತು. ವಿಪರ್ಯಾಸವೆಂದರೆ ಅದೇ ವರ್ಷ ‘ನೇಚರ್’ ಪತ್ರಿಕೆಯಲ್ಲಿ ಕೆರ್ ಮತ್ತು ಸಂಗಡಿಗರು, ಪಾದದ ಕಮಾನು ಸ್ಪ್ರಿಂಗಿನಂತೆ ಓಟದ ಶಕ್ತಿಯನ್ನು ಹಿಡಿದಿಟ್ಟು ಮರಳಿಸುತ್ತದೆಂದು ತೋರಿಸಿದ್ದರು.

ಈ ಕಥೆಯ ಒಂದು ಮುಖ್ಯ ಪುಟ ನಮ್ಮ ಮಣಿಪಾಲದ್ದು. ಉದಯ ಭಾಸ್ಕರ ರಾವ್ ಮತ್ತು ಬೆಂಜಮಿನ್ ಜೋಸೆಫ್ 4ರಿಂದ 13 ವರ್ಷದ 2300 ಮಕ್ಕಳ ಹೆಜ್ಜೆಗುರುತು ಪರಿಶೀಲಿಸಿ 1992ರಲ್ಲಿ ಪ್ರಕಟಿಸಿದರು. ಪಾದರಕ್ಷೆ ಹಾಕುವ ಮಕ್ಕಳಲ್ಲಿ ಚಪ್ಪಟೆ ಪಾದ ಶೇ. 8.6, ಬರಿಗಾಲಿನ ಮಕ್ಕಳಲ್ಲಿ ಶೇ. 2.8. ಬೆರಳು ಮುಚ್ಚುವ ಶೂ ಹಾಕುವವರಲ್ಲಿ ಹೆಚ್ಚು, ಚಪ್ಪಲಿ ಹಾಕುವವರಲ್ಲಿ ಕಡಿಮೆ. ಚಪ್ಪಟೆ ಪಾದವಿದ್ದವರಿಗೆಲ್ಲ ಮಂಡಿ ಕೆಡುತ್ತದೆಂದು ಇದರರ್ಥವಲ್ಲ. ಆದರೂ ಬಾಲ್ಯದಲ್ಲಿ ನೆಲ ತುಳಿದ ಪಾದ ಬೇರೆಯೇ ಬೆಳೆಯುತ್ತದೆಂಬ ಸಾಕ್ಷ್ಯ ಸಿಕ್ಕಿತು. ಜಗತ್ತು ಈಗಲೂ ಉಲ್ಲೇಖಿಸುವ ಈ ಅಧ್ಯಯನದ ಮಾತು ನಮ್ಮ ಶಾಲೆಗಳಲ್ಲಿ ಕೇಳಿಬರದಿರುವುದು ನನಗೆ ನಿಜವಾಗಿಯೂ ಬೇಸರ.

ಮಂಡಿಯ ಮಟ್ಟಿಗೆ ದೊಡ್ಡ ಸುದ್ದಿ 1996ರಲ್ಲಿ ಇಟಲಿಯಿಂದ ಬಂತು. ಕರಾಫಾ ಮತ್ತು ಸಂಗಡಿಗರು 600 ಫುಟ್‌ಬಾಲ್ ಆಟಗಾರರನ್ನು ಮೂರು ಋತು ಗಮನಿಸಿದರು. ಓಲಾಡುವ ಹಲಗೆಯಲ್ಲಿ ಪಳಗಿದವರಲ್ಲಿ ಮಂಡಿಯೊಳಗಿನ ಎಸಿಎಲ್ ಎಂಬ ಕಟ್ಟುನಾರಿನ ಗಾಯ 10, ಉಳಿದವರಲ್ಲಿ 70. ಆದರೆ ತಂಡಗಳನ್ನು ಚೀಟಿ ಎತ್ತಿ ಹಂಚಿರಲಿಲ್ಲ, ಹಾಗಾಗಿ ಹಲಗೆಯೇ ಕಾರಣವೆಂದು ಖಚಿತವಾಗಿ ಹೇಳಲಾಗದು. 2000ರಲ್ಲಿ ಸ್ವೀಡನ್ನಿನ ಮಹಿಳಾ ಆಟಗಾರರಲ್ಲಿ ಇಂಥದೇ ಅಭ್ಯಾಸ ಫಲ ಕೊಡಲಿಲ್ಲ. ಬಳಿಕ ಗಮನ ಸೊಂಟದ ಸ್ನಾಯುಗಳತ್ತ, ಜಿಗಿದು ಇಳಿಯುವಾಗ ಮಂಡಿ ಒಳಕ್ಕೆ ಬಾಗುವುದರತ್ತ ಹೊರಳಿತು. ಅದು ತಪ್ಪಲ್ಲ. ಆದರೆ ಪಾದ ಮರೆತುಹೋಯಿತು.

ಮತ್ತೆ ನೆನಪಾದದ್ದು ಬರಿಗಾಲ ಓಟದ ಅಲೆಯಿಂದ. 2009ರ ‘ಬಾರ್ನ್ ಟು ರನ್’ ಪುಸ್ತಕ, ಬರಿಗಾಲ ಓಟದ ಬಗ್ಗೆ 2010ರ ಲೀಬರ್ಮನ್ ಅಧ್ಯಯನ ಓದಿ ಸಾವಿರಾರು ಜನ ಮೆತ್ತನೆಯ ಶೂ ಬಿಟ್ಟರು. ಹಾಗೆ ಅವಸರದಲ್ಲಿ ತೆಳು ಶೂಗೆ ಬದಲಾದವರ ಪಾದದ ಮೂಳೆಯೊಳಗೆ ಬಾವು ಕಾಣಿಸುತ್ತದೆಂದು 2013ರಲ್ಲಿ ಎಂಆರ್‌ಐ ತೋರಿಸಿತು. ದಶಕಗಳ ಆಸರೆಗೆ ಒಗ್ಗಿದ ಪಾದ ವಾರಗಳಲ್ಲಿ ಬಲಿಯುವುದಿಲ್ಲ.

2015ರಲ್ಲಿ ಮೆಕಿಯಾನ್, ಹರ್ಟೆಲ್, ಬ್ರ್ಯಾಂಬಲ್, ಐರೀನ್ ಡೇವಿಸ್ ಈ ಚದುರಿದ ತಿಳಿವಳಿಕೆಯನ್ನು ಒಂದೆಡೆ ತಂದರು: ಬೆನ್ನಿಗೆ ಹೊಟ್ಟೆಯ ಸ್ನಾಯುಗಳಿದ್ದಂತೆ, ಪಾದಕ್ಕೂ ಅದನ್ನು ಒಳಗಿನಿಂದ ಬಿಗಿಹಿಡಿಯುವ ಪುಟ್ಟ ಸ್ನಾಯುಗಳಿವೆ. 2018ರಲ್ಲಿ ಡೆನ್ಮಾರ್ಕ್‌ನಲ್ಲಿ ಮಂಡಿಚಿಪ್ಪಿನ ನೋವಿದ್ದವರಿಗೆ ಮಂಡಿಯ ವ್ಯಾಯಾಮದ ಜೊತೆ ಪಾದದ ವ್ಯಾಯಾಮ, ಆಸರೆ ಕೊಟ್ಟಾಗ ಮಂಡಿಯ ವ್ಯಾಯಾಮ ಮಾತ್ರ ಮಾಡಿದವರಿಗಿಂತ ನಾಲ್ಕು ತಿಂಗಳಲ್ಲಿ ಹೆಚ್ಚು ಗುಣ ಕಂಡಿತು. ವರ್ಷದ ಹೊತ್ತಿಗೆ ಅಂತರ ಉಳಿಯಲಿಲ್ಲ. 2020ರಲ್ಲಿ ಬ್ರೆಜಿಲ್‌ನ ತಡ್ಡೆಯಿ, ಸಾಕೊ ತಂಡ 118 ಓಟಗಾರರನ್ನು ಚೀಟಿ ಎತ್ತಿದಂತೆ ಹಂಚಿ ವರ್ಷವಿಡೀ ಗಮನಿಸಿತು. ಪಾದದ ವ್ಯಾಯಾಮ ಮಾಡದವರು ಓಟದ ಗಾಯಕ್ಕೆ ಸಿಲುಕುವ ಸಾಧ್ಯತೆ 2.42 ಪಟ್ಟು ಹೆಚ್ಚಿತ್ತು.

ಈ ಲೆಕ್ಕ ಕಾಲಿನ ಗಾಯಗಳೆಲ್ಲದರದ್ದು, ಮಂಡಿಯೊಂದರದ್ದಲ್ಲ. ಹಾಗಾಗಿ ಅಂಗಾಲು ಬಲಪಡಿಸಿದರೆ ಎಸಿಎಲ್ ಹರಿಯುವುದಿಲ್ಲವೆಂದು ಯಾರಾದರೂ ಭರವಸೆ ಕೊಟ್ಟರೆ ನಂಬಬೇಡಿ. ಸೊಂಟದ ವ್ಯಾಯಾಮ, ಜಿಗಿದು ಸರಿಯಾಗಿ ಇಳಿಯುವ ಅಭ್ಯಾಸ ಬಿಡಬೇಡಿ. ಆದರೆ ದೈಹಿಕ ಶಿಕ್ಷಕರಲ್ಲಿ, ಕಬಡ್ಡಿ, ಖೊಖೊ, ಅಥ್ಲೆಟಿಕ್ಸ್ ತರಬೇತುದಾರರಲ್ಲಿ ಒಂದು ಕೋರಿಕೆ: ಅಭ್ಯಾಸಕ್ಕೆ ಮುಂಚೆ ಹತ್ತು ನಿಮಿಷ ಮಕ್ಕಳ ಶೂ ಬಿಚ್ಚಿಸಿ, ಒಂಟಿಗಾಲಲ್ಲಿ ನಿಲ್ಲಿಸಿ, ಅಂಗಾಲಿನ ಕಮಾನು ಎತ್ತುವುದನ್ನು ಕಲಿಸಿ. ಅದಕ್ಕೆ ಬೇಕಾದದ್ದು ಕಲ್ಲುಮುಳ್ಳಿಲ್ಲದ ಒಂದು ತುಂಡು ನೆಲ ಮಾತ್ರ.